ಬಾಟಲಿ ಬದಲಿಸಿದೆವು, ಗೋಡೆ ನೋಡಲಿಲ್ಲ

ಹಸುವಿನ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗೆ (ಉಣುಗು) ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ ಔಷಧಿ ಸಿಂಪಡಣೆ ಮುಗಿಸಿ, ರಿಜಿಸ್ಟರ್‌ನಲ್ಲಿ ‘ಉಣ್ಣೆ ನಿಯಂತ್ರಣ ಪೂರ್ಣ’ ಎಂದು ಬರೆದು ಸಹಿ ಹಾಕಿದವನು ನಾನೇ. ಹದಿನೆಂಟನೆಯ ದಿನ ಅದೇ ಕೊಟ್ಟಿಗೆಯಿಂದ ಫೋನ್ ಬಂತು: “ಸಾರ್, ನಿನ್ನೆಯಿಂದ ಮೇವು ಮುಟ್ಟಿಲ್ಲ, ಮೈ ಕೆಂಡ ಆಗಿದೆ.”

ಮಿಶ್ರತಳಿ ಹಸು, ಸುಮಾರು 400 ಕೆ.ಜಿ. ಜ್ವರ 106 ಡಿಗ್ರಿ ಫ್ಯಾರನ್‌ಹೀಟ್. ಭುಜದ ಮುಂದಿನ ಗ್ರಂಥಿ ಕೋಳಿಮೊಟ್ಟೆಯಷ್ಟು ಊದಿತ್ತು, ಕಣ್ಣಿನ ಒಳರೆಪ್ಪೆ ಸುಣ್ಣದಂತೆ ಬಿಳಿಚಿತ್ತು. ಮೂತ್ರದ ಬಣ್ಣ ಮಾಮೂಲಿ. ಕಾಫಿ ಬಣ್ಣದ ಮೂತ್ರ ಇದ್ದಿದ್ದರೆ ಮೊದಲು ಬೆಬೀಸಿಯಾ (ಉಣ್ಣೆಯಿಂದ ಹರಡುವ ಇನ್ನೊಂದು ರಕ್ತದ ಪರಾವಲಂಬಿ) ಅನ್ನುತ್ತಿದ್ದೆ. ಗ್ರಂಥಿಗೆ ಸೂಜಿ ಹಾಕಿ ತೆಗೆದು ಗಾಜಿನ ಮೇಲೆ ಸವರಿದ ಸ್ಮಿಯರ್‌ಗೆ ಜಿಮ್ಸಾ ಬಣ್ಣ ಹಚ್ಚಿದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೊಳಗೆ ಕೋಕ್ಸ್ ಬ್ಲೂ ಬಾಡಿಗಳು, ಅಂದರೆ ಪರಾವಲಂಬಿಯ ಗುರುತು. ಉಣ್ಣೆ ಹರಡುವ ಥೈಲೇರಿಯಾ.

ಅದಕ್ಕೆ ಔಷಧಿ ಬುಪಾರ್ವಕ್ವೋನ್ 20 ಕೆ.ಜಿ.ಗೆ 1 ಮಿ.ಲೀ., ಒಟ್ಟು 20 ಮಿ.ಲೀ., ಕುತ್ತಿಗೆಯ ಎರಡು ಕಡೆ ಹತ್ತತ್ತು. ಒಂದೇ ಜಾಗಕ್ಕೆ ಅಷ್ಟೂ ಚುಚ್ಚಬಾರದು. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 11ಕ್ಕೆ ಇಳಿದಿತ್ತು, ರಕ್ತ ಕೊಡದೆ ಬೇರೆ ದಾರಿ ಇರಲಿಲ್ಲ. ಕೈಗೆ ಸಿಗುವ ದಾನಿ ಅದೇ ಕೊಟ್ಟಿಗೆಯ ಹಸು. ಆದರೆ ನೋಡಲು ಗಟ್ಟಿಮುಟ್ಟಾದ ಹಸುವೂ ಥೈಲೇರಿಯಾ ಹೊತ್ತಿರಬಹುದು. ಆದ್ದರಿಂದ ಬೇರೆ ಕಡೆಯ ಹಸುವಿನ ಸ್ಮಿಯರ್ ನೋಡಿಯೇ ರಕ್ತ ತೆಗೆದದ್ದು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು 3.8 ಶೇಕಡಾ ಸೋಡಿಯಂ ಸಿಟ್ರೇಟ್, ಹೆಪ್ಪುಗಟ್ಟದಿರಲು.

ಮೊದಲ ಹದಿನೈದು ನಿಮಿಷ ಹನಿ ನಿಧಾನವಾಗಿಯೇ ಇರಬೇಕು, ಹೊಸ ರಕ್ತ ಮೈಗೆ ಒಗ್ಗದಿದ್ದರೆ ಕೊಡಲು ಅಡ್ರಿನಲಿನ್ ಸಿರಿಂಜ್‌ಗೆ ಎಳೆದು ಕೈಯಲ್ಲಿ ಹಿಡಿದಿರಬೇಕು. ಎಂಟನೆಯ ನಿಮಿಷಕ್ಕೆ ತೊಡೆಯ ಮಾಂಸ ನಡುಗಿತು. ಡ್ರಿಪ್ ಮುಚ್ಚಿ ಎದೆಬಡಿತ ಎಣಿಸಿದೆ. ಉಸಿರು ಏರಲಿಲ್ಲ, ಮೈಮೇಲೆ ಗಂಧೆಯಂಥ ದದ್ದು ಏಳಲಿಲ್ಲ. ಐದು ನಿಮಿಷ ಬಿಟ್ಟು ಅರ್ಧ ವೇಗದಲ್ಲಿ ಮತ್ತೆ ಶುರು. ಬಾಟಲಿ ಮುಗಿಯುವ ತನಕ ಯಾರೂ ಮಾತಾಡಲಿಲ್ಲ.

ಆ ಹೊತ್ತಿನಲ್ಲೇ ಬೆನ್ನಿಗೆ ತಾಗಿದ ಗೋಡೆಯ ಕಡೆ ತಿರುಗಿದ್ದು. ಗೋದಲಿಯ ಮೇಲೆ ಮೊಳಕೈ ಎತ್ತರದಲ್ಲಿ ಮಣ್ಣಿನ ಗೋಡೆ ಬಿರುಕು ಬಿಟ್ಟಿತ್ತು. ಟಾರ್ಚ್ ಹಾಕಿದರೆ ಒಳಗೆ ಸಾಲಾಗಿ ಉಣ್ಣೆಗಳು. ಚಿಮುಟದಿಂದ ಒಂದನ್ನು ಬಿಳಿ ಹಾಳೆಯ ಮೇಲೆ ಬಿಟ್ಟೆ. ಓಡಿತು. ಕಾಲಿನ ಗೆಣ್ಣುಗಳಲ್ಲಿ ಬಿಳಿ ಪಟ್ಟೆ, ಉದ್ದ ಬಾಯಿ. ಥೈಲೇರಿಯಾ ಹರಡುವ ಉಣ್ಣೆ ಜಾತಿ, ಹಯಲೊಮ್ಮ.

ಎರಡನೆಯ ಸುತ್ತಿನಲ್ಲಿ ಉಣ್ಣೆ ಮತ್ತೆ ಕಂಡಾಗ ನಾನು ಹೇಳಿದ್ದು “ರೆಸಿಸ್ಟೆನ್ಸ್ ಬಂದಿದೆ” ಅಂತ, ಅಂದರೆ ಔಷಧಿಗೆ ಉಣ್ಣೆ ಜಗ್ಗುತ್ತಿಲ್ಲ. ಡೆಲ್ಟಾಮೆಥ್ರಿನ್ ಬಿಟ್ಟು ಇನ್ನೊಂದು ಉಣ್ಣೆನಾಶಕ ಅಮಿಟ್ರಾಜ್‌ಗೆ ಹಾರಿದೆ. ಒಂದು ಉಣ್ಣೆಯನ್ನು ಶೀಶೆಗೆ ಹಾಕಿ ಯಾವ ಜಾತಿ ಎಂದು ನೋಡಿದ್ದರೆ ಸಾಕಿತ್ತು. ಜಾನುವಾರಿನ ಮೇಲೆ ಮಾಮೂಲಾಗಿ ಕಾಣುವ ರಿಪಿಸೆಫಲಸ್ ಮೈಕ್ರೋಪ್ಲಸ್ ಮರಿಯಿಂದ ದೊಡ್ಡದಾಗುವ ತನಕ, ಸುಮಾರು ಮೂರು ವಾರ, ಅದೇ ಹಸುವಿನ ಮೇಲೆಯೇ ಇರುತ್ತದೆ. ಮೈಗೆ ಸಿಂಪಡಿಸಿದರೆ ಅದಕ್ಕೆ ಏಟು ಬೀಳುತ್ತದೆ. ಹಯಲೊಮ್ಮ ಹಾಗಲ್ಲ. ರಕ್ತ ಕುಡಿದು ಕಳಚಿ ಬಿದ್ದು, ಬಿರುಕಿನಲ್ಲಿ ಪೊರೆ ಬಿಟ್ಟು, ಮತ್ತೆ ಹಸು ಹತ್ತುತ್ತದೆ. ಮರಿಯಾಗಿದ್ದಾಗ ಹೀರಿದ ಥೈಲೇರಿಯಾವನ್ನು ಮುಂದಿನ ಹಂತದಲ್ಲಿ ಇನ್ನೊಂದು ಹಸುವಿಗೆ ಕೊಡುತ್ತದೆ. ನಾನು ಔಷಧಿ ಹೊಡೆದದ್ದು ಊಟಕ್ಕೆ ಬಂದವುಗಳಿಗೆ ಮಾತ್ರ.

ಈಗ ಮಾಡುವುದು ಹೀಗೆ. ಮೊದಲ ಭೇಟಿಯಲ್ಲೇ ಗಂಗೆದೊಗಲು, ಕೆಚ್ಚಲು, ಬಾಲದ ಬುಡ, ಕಿವಿಯೊಳಗೆ ನೋಡಿ ನಾಲ್ಕೈದು ಉಣ್ಣೆ ಸ್ಪಿರಿಟ್ ಶೀಶೆಗೆ. ಕೈಯಲ್ಲಿ ಹಿಸುಕುವುದು ಬೇಡವೇ ಬೇಡ. ಹಯಲೊಮ್ಮ ಮನುಷ್ಯರಿಗೂ ತಗಲುವ ಕ್ರಿಮಿಯನ್-ಕಾಂಗೊ ಜ್ವರದ ವೈರಸ್ಸನ್ನೂ ಹೊತ್ತಿರಬಹುದು, ಗ್ಲೌಸ್ ಕಡ್ಡಾಯ. ಅಮಿಟ್ರಾಜ್ 12.5 ಶೇಕಡಾ ಆದರೆ ಲೀಟರ್‌ಗೆ 2 ಮಿ.ಲೀ. ದೊಡ್ಡ ಹಸುವಿಗೆ 2–3 ಲೀಟರ್ ದ್ರಾವಣ ಹೊಟ್ಟೆಯ ಕೆಳಗೆ, ಕಾಲ ಸಂದಿಗೆ ಸೇರುವಂತೆ. ಬೆನ್ನ ಮೇಲೆ ಮಾತ್ರ ಚಿಮುಕಿಸಿ ಹೋಗುವವರೇ ಹೆಚ್ಚು. ಬಗ್ಗಡದ ನೀರಿನಲ್ಲಿ ಡೆಲ್ಟಾಮೆಥ್ರಿನ್ ಕೆಸರಿಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಕಲಸಿದ ಅಮಿಟ್ರಾಜ್ ನಾಳೆಗೆ ಇಡುವಂತಿಲ್ಲ. ಅದೇ ಕೊಟ್ಟಿಗೆಯಲ್ಲಿ ಕುದುರೆ ಇದ್ದರೆ ಅದರ ಮೈಗೆ ಅಮಿಟ್ರಾಜ್ ಸೋಕಬಾರದು, ಕರುಳು ನಿಂತುಹೋಗುತ್ತದೆ.

ಗೋಡೆಗೆ ಬೇರೆ ದಿನವೇ ಬೇಕು. ಜಾನುವಾರು, ಮೇವು, ನೀರಿನ ತೊಟ್ಟಿ ಹೊರಗೆ. ಬಿರುಕು ಕೆರೆದು, ಲೇಬಲ್ ಹೇಳಿದ ಪ್ರಮಾಣದಲ್ಲಿ ಒಳಕ್ಕೆ ಔಷಧಿ ಹಾಯಿಸಿ, ಒಣಗಿದ ಮೇಲೆ ಸಿಮೆಂಟ್ ಮೆತ್ತಬೇಕು. ಮೊದಲೇ ಮೆತ್ತಿದರೆ ಅಕ್ಕಪಕ್ಕದ ಸಂದಿಯಿಂದ ಹೊರಬರುತ್ತವೆ. ನೆಲದ ಕಲ್ಲಿನ ಸಂದು, ಗೂಟದ ಬುಡ, ಗೋದಲಿಯ ಅಡಿ ಮರೆಯಬಾರದು. ಹೊಸ ಹಸು ತಂದರೆ ಸಿಂಪಡಿಸಿ ಬೇರೆಯಾಗಿ ಕಟ್ಟಿಯೇ ಒಳಗೆ ಬಿಡುವುದು.

ಆ ಹಸು ನಾಲ್ಕನೆಯ ದಿನ ಮೆಲುಕು ಹಾಕಿತು. ನಮ್ಮ ಮಾಸಿಕ ವರದಿಯಲ್ಲಿ ಈಗಲೂ ‘ಸಿಂಪಡಿಸಿದ ಜಾನುವಾರು ಸಂಖ್ಯೆ’ ಅನ್ನುವ ಕಾಲಂ ಒಂದೇ ಇದೆ, ಗೋಡೆಗೆ ಜಾಗವಿಲ್ಲ. ಷರಾ ಕಾಲಂನಲ್ಲಿ ‘ಬಿರುಕು 14, ಮುಚ್ಚಿದ್ದು 9’ ಎಂದು ಬರೆದು ಕಳಿಸಿದೆ. ಸಭೆಯಲ್ಲಿ ಮೇಲಿನವರು ಕೇಳಿದರು, ಇದು ಕಟ್ಟಡ ದುರಸ್ತಿ ಲೆಕ್ಕವಾ ಅಂತ.