ಆರು ಮಂದಿಯ ಮನೆಗೆ ವಿದ್ಯುತ್ ಕಾರೋ, ಹೈಬ್ರಿಡ್ ಕಾರೋ?

ಎರಡನೆಯ ಮಗು ಹುಟ್ಟಿದ ಮೇಲೆ ಅತ್ತೆ, ಮಾವ ಇಬ್ಬರೂ ಬೆಂಗಳೂರಿಗೆ ಬಂದು ನಮ್ಮೊಡನೆ ನೆಲೆಸಿದ್ದರಿಂದ ಮೂರು ಸಾಲು ಆಸನಗಳ ಕಾರು ಅನಿವಾರ್ಯವಾಯಿತು. ಕೊನೆಗೆ ಉಳಿದ ಆಯ್ಕೆಗಳು ಎರಡು: ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಮತ್ತು 2025ರಲ್ಲಿ ಬಂದ ವಿದ್ಯುತ್ ಕಾರು ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ.

ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು ಎರಡೂ ಇರುವ ಹೈಬ್ರಿಡ್ ಕಾರು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸಿ, ಸಿಲ್ಕ್ ಬೋರ್ಡ್‌ನಂಥ ದಟ್ಟಣೆಯಲ್ಲಿ ಎಂಜಿನ್ ನಿಲ್ಲಿಸಿ ಮೋಟಾರಿನ ಬಲದಿಂದಲೇ ಸಾಗಬಲ್ಲುದರಿಂದ ಪೆಟ್ರೋಲ್ ಚೆನ್ನಾಗಿ ಉಳಿಯುತ್ತದೆ. ಚಾರ್ಜಿಂಗ್‌ನ ಚಿಂತೆಯೂ ಇಲ್ಲ. ಆದರೆ 2025ರ ಸೆಪ್ಟೆಂಬರಿನ ಪರಿಷ್ಕರಣೆಯ ಬಳಿಕ ಇಂಥ ದೊಡ್ಡ ಹೈಬ್ರಿಡ್‌ಗಳಿಗೆ ಶೇ 40ರಷ್ಟು ಜಿಎಸ್‌ಟಿ ಇದೆ, ವಿದ್ಯುತ್ ಕಾರುಗಳಿಗೆ ಶೇ 5 ಮಾತ್ರ.

ನಿಜವಾದ ಪ್ರಶ್ನೆ ಮನೆಯ ಚಾರ್ಜಿಂಗ್‌ನದು. ಸುಮಾರು 3 ಕಿಲೋವ್ಯಾಟ್ ನೀಡುವ 15 ಆಂಪಿಯರ್ ಸಾಕೆಟ್‌ನಲ್ಲಿ ಕ್ಲಾವಿಸ್‌ನ 51.4 ಕಿಲೋವ್ಯಾಟ್-ಅವರ್ ಬ್ಯಾಟರಿ ಪೂರ್ಣ ತುಂಬಲು 17 ಗಂಟೆಗೂ ಹೆಚ್ಚು ಬೇಕು. ಆದರೂ ಶಾಲೆ, ಕಚೇರಿ, ಆಸ್ಪತ್ರೆಗಳ ದಿನನಿತ್ಯದ ಓಡಾಟದಲ್ಲಿ ಖರ್ಚಾದಷ್ಟನ್ನು ಒಂದು ರಾತ್ರಿಯಲ್ಲಿ ತುಂಬಿಕೊಳ್ಳಬಹುದು. ನಮ್ಮ ವಸತಿ ಸಮುಚ್ಚಯದ ಸಂಘವು ಪಾರ್ಕಿಂಗ್ ಜಾಗದಲ್ಲಿ ಪ್ರತ್ಯೇಕ ಮೀಟರಿಗೆ ಒಪ್ಪಿಗೆ ಕೊಟ್ಟದ್ದರಿಂದಲೇ ನಾವು ವಿದ್ಯುತ್ ಕಾರನ್ನು ಆರಿಸಿಕೊಂಡೆವು. ಆ ಒಪ್ಪಿಗೆ ಸಿಗದಿದ್ದರೆ ಹೈಬ್ರಿಡ್ ಕಾರನ್ನೇ ಕೊಳ್ಳುತ್ತಿದ್ದೆವು.

ಇನ್ನು ದೂರದ ಪ್ರಯಾಣದ ಮಾತು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಒಮ್ಮೆ ಪೂರ್ಣ ಚಾರ್ಜ್ ಮಾಡಿದರೆ ಸಾಗಬಹುದೆಂದು ಕಂಪನಿ ಹೇಳುವ 490 ಕಿ.ಮೀ. ವ್ಯಾಪ್ತಿಯನ್ನು ಆರು ಜನ, ಸಾಮಾನು, ಎಸಿ ಇರುವ ಪ್ರಯಾಣದಲ್ಲಿ ನಂಬಿಕೊಳ್ಳಬಾರದು. ಹಾಸನದ ಬಳಿ ಊಟಕ್ಕೆ ನಿಂತಾಗ ಚಾರ್ಜ್ ಮಾಡುವುದು ಕ್ಷೇಮ. ಕೊಳ್ಳುವ ಮುನ್ನ ಮನೆಯವರೆಲ್ಲರನ್ನೂ ಕರೆದೊಯ್ದು ಮೂರನೆಯ ಸಾಲಿನಲ್ಲಿ ಕೂರಿಸಿ ನೋಡಿ, ಏಕೆಂದರೆ ನೆಲದಡಿಯ ಬ್ಯಾಟರಿಯಿಂದ ಕಾಲಿಡುವ ಮಟ್ಟ ಎತ್ತರವಾದರೆ ಹಿರಿಯರ ಮೊಣಕಾಲಿಗೆ ತ್ರಾಸವಾಗುತ್ತದೆ.