ಪವಿತ್ರ ವಾರದ ಸೋಮವಾರ ಮತ್ತು ಬೆಥಾನಿಯದ ಮರಿಯ

ಬೆಥಾನಿಯದ ಮರಿಯ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕೂ ಶುಭಸಂದೇಶಗಳಲ್ಲಿ ಸೇರಿ ಆಡುವುದು ಒಂದೇ ಒಂದು ಮಾತು. ಸೋದರ ಲಾಸರ ತೀರಿಕೊಂಡ ಮೇಲೆ ಯೇಸುಸ್ವಾಮಿ ಬಂದಾಗ ಅವರ ಪಾದಕ್ಕೆ ಬಿದ್ದು, "ಸ್ವಾಮೀ, ನೀವು ಇಲ್ಲಿ ಇದ್ದಿದ್ದರೆ ನನ್ನ ಸೋದರ ಸಾಯುತ್ತಿರಲಿಲ್ಲ" ಎನ್ನುತ್ತಾಳೆ, ಅಷ್ಟೇ. ಅದೂ ಹೊಸ ಮಾತಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಅವಳ ಸೋದರಿ ಮಾರ್ತ ಅದನ್ನೇ ಹೇಳಿದ್ದಳು. ಹೀಗೆ ಮಾತೇ ಇಲ್ಲದ ಹೆಂಗಸಿನ ಬಗ್ಗೆ ಯೇಸುಸ್ವಾಮಿ ಬೇರೆ ಯಾರಿಗೂ ಕೊಡದ ಒಂದು ಭರವಸೆ ಕೊಟ್ಟರು. ಲೋಕದಲ್ಲಿ ಎಲ್ಲೆಲ್ಲಿ ಶುಭಸಂದೇಶ ಸಾರಲಾಗುತ್ತದೋ ಅಲ್ಲೆಲ್ಲಾ ಈಕೆ ಮಾಡಿದ್ದನ್ನೂ ಹೇಳಲಾಗುವುದು ಎಂದರು. ಇಲ್ಲಿ ಶಿವಮೊಗ್ಗದಲ್ಲಿ, ತುಂಗೆಯ ದಡದ ಈ ಊರಿನಲ್ಲಿ, ಪ್ರತಿ ವರ್ಷ ಪವಿತ್ರ ವಾರದ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ವಾರದ, ಸೋಮವಾರ ಅವಳು ಮಾಡಿದ್ದನ್ನು ಕೇಳುತ್ತೇವೆ. ಆ ಮಾತು ನಮ್ಮ ತನಕವೂ ಬಂತು ಅಂತ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಆ ದಿನ ಓದುವುದು ಯೊವಾನ್ನನ ಶುಭಸಂದೇಶದ 12ನೇ ಅಧ್ಯಾಯ. ಯೆಹೂದಿಗಳ ಪಾಸ್ಕ ಹಬ್ಬಕ್ಕೆ ಇನ್ನು ಆರು ದಿನ. ಜೆರುಸಲೇಮಿಗೆ ಸುಮಾರು 3 ಕಿಲೋಮೀಟರ್ ದೂರದ ಬೆಥಾನಿಯದಲ್ಲಿ ಯೇಸುಸ್ವಾಮಿಗೆ ಊಟ. ಮಾರ್ತ ಬಡಿಸುತ್ತಿದ್ದಾಳೆ. ಸತ್ತು ಬದುಕಿ ಬಂದ ಲಾಸರ ಅವರ ಜೊತೆಯಲ್ಲೇ ಊಟಕ್ಕೆ ಕೂತಿದ್ದಾನೆ. ಮರಿಯ ಬೆಲೆಬಾಳುವ ಅಪ್ಪಟ ಜಟಾಮಾಂಸಿ ತೈಲ ತಂದು ಯೇಸುವಿನ ಪಾದಗಳಿಗೆ ಹಚ್ಚುತ್ತಾಳೆ. ತನ್ನ ತಲೆಗೂದಲಿನಿಂದ ಒರೆಸುತ್ತಾಳೆ. ಮನೆಯೆಲ್ಲ ಪರಿಮಳ ತುಂಬುತ್ತದೆ.

ಜಟಾಮಾಂಸಿ ನಮಗೆ ಗೊತ್ತಿಲ್ಲದ್ದೇನಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಕೂದಲು ಕೂದಲಾಗಿ ಕಾಣುವ ಕಂದು ಬಣ್ಣದ ಬೇರನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಅಮ್ಮ ಅದನ್ನು ಗರುಗದ ಸೊಪ್ಪು, ಮೆಂತ್ಯ, ದಾಸವಾಳದ ಎಲೆಯ ಜೊತೆ ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸುತ್ತಿದ್ದರು. ಮಲ್ಲಿಗೆಯಂಥ ಸಿಹಿ ವಾಸನೆ ಅಲ್ಲ ಅದು. ಮಣ್ಣು ಬೆರೆತ, ಗಾಢವಾದ, ಬೇಗ ಬಿಟ್ಟು ಹೋಗದ ವಾಸನೆ. ಗಿಡ ಬೆಳೆಯುವುದು ಹಿಮಾಲಯದಲ್ಲಿ, 3000 ಮೀಟರಿಗಿಂತ ಎತ್ತರದ ಜಾಗಗಳಲ್ಲಿ. ಅಲ್ಲಿಂದ ಹೊರಟ ಬೇರು ಬೆಟ್ಟ ಇಳಿದು, ನಮ್ಮ ದೇಶದ ಬಂದರುಗಳನ್ನು ದಾಟಿ, ಎಷ್ಟೋ ವ್ಯಾಪಾರಿಗಳ ಕೈ ಬದಲಾಗಿ ಪಶ್ಚಿಮದ ನಾಡುಗಳನ್ನು ಮುಟ್ಟುತ್ತಿತ್ತು. ಹಾಗಾಗಿಯೇ ಆ ಬೆಲೆ. ಮರಿಯ ತಂದದ್ದು ಒಂದು ರೋಮನ್ ರಾತ್ತಲು, ಅಂದರೆ 325 ಗ್ರಾಂ ಆಸುಪಾಸು. ಯೇಸುವಿನ ಶಿಷ್ಯರಲ್ಲೊಬ್ಬನಾದ ಯೂದ ಇಸ್ಕರಿಯೋತ ಕೂತಲ್ಲೇ ಲೆಕ್ಕ ಹಾಕಿದ, 300 ದಿನಾರಿ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸಿಗೆ ದಿನಕ್ಕೆ 500 ರೂಪಾಯಿ ಅಂದುಕೊಂಡರೂ ಒಂದೂವರೆ ಲಕ್ಷ ಆಯಿತು. ಅಷ್ಟನ್ನೂ ಒಂದು ಸಂಜೆ, ಒಬ್ಬರ ಪಾದಕ್ಕೆ!

ಎಣ್ಣೆಗಿಂತ ಕೂದಲಿನ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ನೆಂಟರ ಮುಂದೆ ಕೂದಲು ಬಿಟ್ಟುಕೊಂಡು ಓಡಾಡಿದರೆ ಹಿರಿಯರು ಗದರುವ ಮನೆಗಳಲ್ಲಿ ಬೆಳೆದವರು ನಾವು. ಆ ಕಾಲದ ಯೆಹೂದಿ ಮನೆಯಲ್ಲಿ, ಊಟಕ್ಕೆ ಕೂತ ಗಂಡಸರ ಎದುರು, ಒಬ್ಬ ಹೆಂಗಸು ತಲೆಗೂದಲು ಬಿಚ್ಚಿ ಪಾದ ಒರೆಸುವುದು ಸಣ್ಣ ಸಂಗತಿಯಲ್ಲ. ದುಡ್ಡು ಕೊಡುವುದು ಒಂದು ಹಂತ. ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬುದನ್ನೂ ಬಿಟ್ಟುಕೊಡುವುದು ಅದಕ್ಕಿಂತ ಮುಂದಿನದು. ಮರಿಯ ಎರಡನ್ನೂ ಕೊಟ್ಟಳು.

ಈ ಪ್ರಸಂಗ ಓದುವಾಗ ಹೆಸರುಗಳು ಸ್ವಲ್ಪ ಗೊಂದಲ ಮಾಡುತ್ತವೆ. ಶುಭಸಂದೇಶ ಬರೆದವರಲ್ಲಿ ಮತ್ತಾಯ ಮತ್ತು ಮಾರ್ಕ ಹೆಂಗಸಿನ ಹೆಸರು ಹೇಳುವುದಿಲ್ಲ, ತೈಲವನ್ನು ತಲೆಗೆ ಸುರಿದಳು ಎನ್ನುತ್ತಾರೆ. ಮರಿಯ ಎಂದು ಹೆಸರಿಡಿದು ಹೇಳುವವನು ಯೊವಾನ್ನ. ಲೂಕನ 7ನೇ ಅಧ್ಯಾಯದಲ್ಲಿ ಅಳುತ್ತಾ ಬರುವ ಪಾಪಿ ಹೆಂಗಸಿನ ಕಥೆ ಬೇರೆ. 591ರಲ್ಲಿ ಜಗದ್ಗುರು (ಪೋಪ್) ಮಹಾ ಗ್ರೆಗೋರಿಯವರು ಒಂದು ಪ್ರಬೋಧನೆಯಲ್ಲಿ ಈ ಹೆಂಗಸರನ್ನೂ ಯೇಸುವಿನ ಇನ್ನೊಬ್ಬ ಶಿಷ್ಯೆ ಮಗ್ದಲದ ಮರಿಯಳನ್ನೂ ಒಬ್ಬಳೇ ಎಂದು ಹೇಳಿದ್ದರಿಂದ ಎಷ್ಟೋ ಕಾಲ ಎಲ್ಲರನ್ನೂ ಸೇರಿಸಿಯೇ ನೆನೆದೆವು. 2021ರಿಂದ ಜುಲೈ 29ರಂದು ಮಾರ್ತ, ಮರಿಯ, ಲಾಸರ ಮೂವರ ಸ್ಮರಣೆಯನ್ನೂ ಒಟ್ಟಿಗೆ ಆಚರಿಸುತ್ತೇವೆ. ಒಂದೇ ಮನೆಯವರನ್ನು ಒಂದೇ ದಿನ ನೆನೆಯುವುದು ಸರಿಯಾಯಿತು. ಮಾರ್ತಳನ್ನು ಚಿಕ್ಕವಳು ಮಾಡಿ ಮರಿಯಳನ್ನು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಆ ಸಂಜೆ ಅನ್ನ ಬಡಿಸಿದವಳು ಮಾರ್ತಳೇ ಅಲ್ವಾ?

ಇನ್ನು ಯೂದನ ಪ್ರಶ್ನೆ. "ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ?" ಅವನ ಮನಸ್ಸಿನಲ್ಲಿ ಬಡವರ ಚಿಂತೆ ಇರಲಿಲ್ಲ, ಹಣದ ಚೀಲದಿಂದ ಕದಿಯುತ್ತಿದ್ದ ಎಂದು ಯೊವಾನ್ನ ಬರೆಯುತ್ತಾನೆ. ಆದರೆ ಮಾರ್ಕನಲ್ಲಿ ಅದೇ ಪ್ರಶ್ನೆಯನ್ನು ಅಲ್ಲಿದ್ದ ಬೇರೆಯವರೂ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಹಬ್ಬಕ್ಕೆ ಚರ್ಚನ್ನು ಹೂವಿನಿಂದ ತುಂಬಿಸಿದಾಗ, ಹೊಸ ಪೀಠ ಮಾಡಿಸಿದಾಗ ನಮ್ಮಲ್ಲೂ ಯಾರಾದರೂ ಕೇಳುತ್ತಾರೆ, ಕೇಳಬೇಕು ಕೂಡ. ಯೇಸುಸ್ವಾಮಿ ಕೊಟ್ಟ ಉತ್ತರ ಹೀಗಿದೆ: ಬಡವರು ಯಾವಾಗಲೂ ನಿಮ್ಮ ಬಳಿ ಇರುತ್ತಾರೆ, ನಾನು ಯಾವಾಗಲೂ ಇರುವುದಿಲ್ಲ. ಈ ಮಾತನ್ನು ಹಿಡಿದುಕೊಂಡು ಬಡವರನ್ನು ಮರೆತವರು ಇದ್ದಾರೆ. ಅದು ದೊಡ್ಡ ಅನ್ಯಾಯ. ಆ ಮಾತಿನ ಬೇರು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 15ನೇ ಅಧ್ಯಾಯದಲ್ಲಿದೆ. ನಾಡಿನಲ್ಲಿ ಬಡವರು ಇದ್ದೇ ಇರುತ್ತಾರೆ, ಆದ್ದರಿಂದ ಅವರಿಗೆ ಕೈಬಿಚ್ಚಿ ಕೊಡು ಎಂಬ ಆಜ್ಞೆ ಅಲ್ಲಿದೆ. ಅಲ್ಲಿ ಕೂತಿದ್ದ ಯೆಹೂದಿಗಳಿಗೆಲ್ಲ ಆ ವಾಕ್ಯದ ಉಳಿದರ್ಧ ಬಾಯಿಪಾಠ ಇದ್ದಿರಬೇಕು. ಬಡವರಿಗೆ ಕೊಡಲು ಮರಿಯ ನಿಮ್ಮನ್ನು ಯಾವತ್ತೂ ತಡೆದಿಲ್ಲವಲ್ಲ, ಕೊಡಿ, ಆದರೆ ಇವಳನ್ನು ಬಿಟ್ಟುಬಿಡಿ. ನಾನು ಇದನ್ನು ಹೀಗೇ ಓದುತ್ತೇನೆ. ನಾನು ನೋಡಿದ ಮಟ್ಟಿಗೆ, ದೇವರ ಪಾದಕ್ಕೆ ಲೆಕ್ಕವಿಲ್ಲದೆ ಸುರಿದವರ ಕೈ ಬಡವರ ವಿಷಯದಲ್ಲೂ ಬಿಗಿಯಾಗಿರುವುದಿಲ್ಲ.

ಯೇಸು ಇನ್ನೊಂದು ಮಾತೂ ಹೇಳಿದರು. ನನ್ನ ಶವಸಂಸ್ಕಾರದ ದಿನಕ್ಕಾಗಿ ಇವಳು ಇದನ್ನು ಇಟ್ಟುಕೊಂಡಿದ್ದಳು ಎಂದರು. ಎಲ್ಲರೂ ಹಬ್ಬದ ಗುಂಗಿನಲ್ಲಿದ್ದಾಗ ಇವರು ಸಾಯಲಿದ್ದಾರೆ ಎಂಬುದು ಮರಿಯಳಿಗೆ ಹೇಗೆ ತಿಳಿಯಿತು? ಶಿಷ್ಯರಿಗೆ ಅದನ್ನು ಬಾಯಿಬಿಟ್ಟು ಹೇಳಲಾಗಿತ್ತು. ಮಾರ್ಕನ 8, 9, 10ನೇ ಅಧ್ಯಾಯಗಳಲ್ಲಿ ಮೂರು ಸಲ ಬರುತ್ತದೆ. ಮೊದಲ ಸಲ ಪೇತ್ರ ಗದರಿಸಲು ಹೋದ. ಎರಡನೇ ಸಲ ನಮ್ಮಲ್ಲಿ ಯಾರು ದೊಡ್ಡವರು ಎಂದು ದಾರಿಯಲ್ಲಿ ವಾದ ಮಾಡಿದರು. ಮೂರನೇ ಸಲ ಯಕೋಬ ಮತ್ತು ಯೊವಾನ್ನ ನಿಮ್ಮ ಎಡಬಲದ ಆಸನ ನಮಗೆ ಕೊಡಿ ಎಂದು ಕೇಳಿದರು. ಜೊತೆಯಲ್ಲೇ ನಡೆದರು, ಜೊತೆಯಲ್ಲೇ ಉಂಡರು, ಮಾತು ಮಾತ್ರ ಒಳಗೆ ಇಳಿಯಲಿಲ್ಲ.

ಮರಿಯ ಹಿಂದೊಮ್ಮೆ, ಲೂಕನ 10ನೇ ಅಧ್ಯಾಯದಲ್ಲಿ, ಅಡುಗೆಮನೆಯ ಕೆಲಸ ಬಿಟ್ಟು ಯೇಸುವಿನ ಪಾದದ ಬಳಿ ಕೂತು ಕೇಳಿಸಿಕೊಂಡಿದ್ದಳು. ಲಾಸರ ಸತ್ತಾಗ ಅದೇ ಪಾದಕ್ಕೆ ಬಿದ್ದು ಅತ್ತಳು. ಈಗ ಅದೇ ಪಾದಕ್ಕೆ ತೈಲ ತಂದಿದ್ದಾಳೆ. ಮೂರು ಸಲ ಕಂಡಾಗಲೂ ಅವಳು ಇರುವುದು ಅಲ್ಲೇ. ನನಗೆ ಇಡೀ ಭಕ್ತಿಯ ಗುಟ್ಟು ಇಲ್ಲಿದೆ ಎನ್ನಿಸುತ್ತದೆ. ಆ 300 ದಿನಾರಿಯ ಕಾಣಿಕೆ ಒಂದು ಸಂಜೆಯ ಆವೇಶದಿಂದ ಬಂದದ್ದಲ್ಲ. ಸುಮ್ನೆ ಕೂತು ಕೇಳಿದ ಆ ಹೊತ್ತುಗಳಿಂದ ಬಂತು. ಕೇಳಿಸಿಕೊಂಡವಳಿಗೆ ಮಾತ್ರ ಈಗ ಇವರಿಗೆ ಬೇಕಾದದ್ದು ಏನು ಎಂದು ತಿಳಿಯಿತು. ನಾವು ಹರಕೆ ಹೊರುತ್ತೇವೆ, ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಬಳಿಗೆ ನಡೆದುಕೊಂಡು ಹೋಗುತ್ತೇವೆ, ಮೇಣದಬತ್ತಿ ಹಚ್ಚುತ್ತೇವೆ. ಎಲ್ಲವೂ ಒಳ್ಳೆಯದೇ. ಅದರ ಜೊತೆಗೆ ದಿನಕ್ಕೆ ಒಂದಿಷ್ಟು ಹೊತ್ತು ಬೈಬಲ್ ತೆರೆದು, ಏನೂ ಕೇಳಿಕೊಳ್ಳದೆ, ಸ್ವಾಮಿ ಏನು ಹೇಳುತ್ತಾರೋ ಅದನ್ನು ಕೇಳುವುದು ನಮ್ಮಲ್ಲಿ ಎಷ್ಟು ಜನಕ್ಕೆ ರೂಢಿಯಾಗಿದೆ?

ಅವಳು ಹೊತ್ತು ಮೀರುವ ಮೊದಲೇ ಬಂದಳು ಎಂಬುದನ್ನೂ ನೋಡಬೇಕು. ಯೇಸು ತೀರಿಕೊಂಡ ಮೇಲಿನ ಭಾನುವಾರ ಬೆಳಗಿನ ಜಾವ ಬೇರೆ ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದರು. ಅವರ ಪ್ರೀತಿಯೂ ದೊಡ್ಡದೇ. ಆದರೆ ಹಚ್ಚಲು ಅಲ್ಲಿ ದೇಹವೇ ಇರಲಿಲ್ಲ. ಯೇಸುವಿನ ಶವಸಂಸ್ಕಾರದ ತೈಲವನ್ನು ಅವರು ಬದುಕಿರುವಾಗಲೇ, ಅವರಿಗೆ ಆ ಪರಿಮಳ ತಟ್ಟುವಾಗಲೇ ಹಚ್ಚಿದವಳು ಮರಿಯ. ನಮ್ಮ ಮಲೆನಾಡಿನ ಊರುಗಳಲ್ಲಿ ಮನೆಗೊಬ್ಬರಂತೆ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತೋಟದ ಮನೆಯಲ್ಲಿ ವಯಸ್ಸಾದವರು ಇಬ್ಬರೇ. ತೀರಿಕೊಂಡ ದಿನ ಹೂವಿನ ಹಾರಗಳಿಗೆ ಕೊರತೆ ಇರುವುದಿಲ್ಲ. ಮಳೆಗಾಲದ ಒಂದು ಸಂಜೆ ಅವರ ಜೊತೆ ಕೂತು, ನೂರು ಸಲ ಕೇಳಿದ ಕಥೆಯನ್ನೇ ಮತ್ತೆ ಕೇಳುವುದು ನಮಗೆ ಕಷ್ಟವಾಗಿಬಿಟ್ಟಿದೆ.

ಇಷ್ಟು ದೊಡ್ಡ ಕಾಣಿಕೆ ಓದಿ ನಮ್ಮಿಂದ ಆಗುತ್ತದಾ ಎಂದು ಹಿಂಜರಿಯುವವರಿಗೆ ಮಾರ್ಕನಲ್ಲಿ ಒಂದು ಚಿಕ್ಕ ವಾಕ್ಯ ಇದೆ. "ಆಕೆ ತನ್ನಿಂದಾದುದನ್ನು ಮಾಡಿದ್ದಾಳೆ." ಯೇಸುಸ್ವಾಮಿ ಹೊಗಳಿದ್ದು ಬೆಲೆಯನ್ನಲ್ಲ, ಇದನ್ನು. ಅದೇ ಸುವಾರ್ತೆಯಲ್ಲಿ ಸ್ವಲ್ಪ ಹಿಂದೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಸಣ್ಣ ನಾಣ್ಯ ಹಾಕಿದ ಬಡ ವಿಧವೆಯೂ ಇದ್ದಾಳೆ. ಒಬ್ಬಳದು ಒಂದು ವರ್ಷದ ದುಡಿಮೆಯಷ್ಟು, ಇನ್ನೊಬ್ಬಳದು ಎರಡು ಕಾಸು. ಸ್ವಾಮಿ ಇಬ್ಬರನ್ನೂ ಕಂಡರು.

ಪವಿತ್ರ ವಾರದ ಸುಮಾರಿಗೆ ನಮ್ಮ ಪ್ರಧಾನಾಲಯದಲ್ಲಿ (ಕ್ಯಾಥೆಡ್ರಲ್) ಪವಿತ್ರ ತೈಲಗಳ ಬಲಿಪೂಜೆ (ಮಾಸ್) ಇರುತ್ತದೆ. ಧರ್ಮಾಧ್ಯಕ್ಷರು (ಬಿಷಪ್) ಆಲಿವ್ ಎಣ್ಣೆಗೆ ಪರಿಮಳದ್ರವ್ಯ ಬೆರೆಸಿ ಪ್ರಾರ್ಥಿಸಿ ಪವಿತ್ರಗೊಳಿಸುತ್ತಾರೆ. ಗುರುಗಳು ಅದನ್ನು ತಮ್ಮ ತಮ್ಮ ಚರ್ಚುಗಳಿಗೆ ಒಯ್ಯುತ್ತಾರೆ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಆದಾಗಿನಿಂದ ತೀರ್ಥಹಳ್ಳಿಯಲ್ಲಿ, ಸಾಗರದಲ್ಲಿ, ಭದ್ರಾವತಿಯಲ್ಲಿ ಸ್ನಾನದೀಕ್ಷೆ (ಬ್ಯಾಪ್ಟಿಸಮ್) ಪಡೆಯುವ ಕೂಸಿನ ನೆತ್ತಿಗೆ ಹಚ್ಚುವ ಪರಿಮಳ ತೈಲ ಇಲ್ಲಿಂದಲೇ ಹೋಗುತ್ತದೆ. ನಾವು ಸ್ವಾಮಿಗೆ ಏನನ್ನೂ ಸುರಿಯುವ ಮುಂಚೆಯೇ ನಮ್ಮ ತಲೆಯ ಮೇಲೆ ಪರಿಮಳ ಬಿದ್ದಾಗಿದೆ ಎಂದು ಆ ಪೂಜೆಯಲ್ಲಿ ಕೂತಾಗ ಅನ್ನಿಸುತ್ತದೆ.

ಪವಿತ್ರ ವಾರದ ಗುರುವಾರ ಸಂಜೆ ಚರ್ಚಿನಲ್ಲಿ ಕಾಲು ತೊಳೆಯುವ ವಿಧಿ ನೋಡುವಾಗಲೂ ಮರಿಯಳನ್ನು ನೆನೆಯಿರಿ. ಅವಳು ಯೇಸುವಿನ ಪಾದ ಹಿಡಿದು ಒರೆಸಿದಾಗ ಅವರು ಬೇಡ ಎನ್ನಲಿಲ್ಲ. ಕೆಲವೇ ದಿನಗಳಲ್ಲಿ ಅವರೇ ಸೊಂಟಕ್ಕೆ ಬಟ್ಟೆ ಕಟ್ಟಿ, ಶಿಷ್ಯರ ಪಾದ ತೊಳೆದು ಒರೆಸಿದರು. ಪೇತ್ರ ಮಾತ್ರ ಮೊದಲು ಬೇಡವೇ ಬೇಡ ಎಂದ. ಆ ವಿಧಿಗೆ ಹೆಂಗಸರನ್ನೂ ಕೂರಿಸಬಹುದು ಎಂದು 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಅನುಮತಿ ಕೊಟ್ಟರು. ಬೆಥಾನಿಯದ ಆ ಸಂಜೆಯನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಯೊವಾನ್ನನ 12ನ್ನೂ 13ನ್ನೂ ಒಂದೇ ಸಲಕ್ಕೆ ಕೂತು ಓದಿ, ಮನೆಯವರಿಗೆ ಕೇಳುವ ಹಾಗೆ ಜೋರಾಗಿ.