ಸಿನಿಮಾ ಮಾಡಿಸ್ತಾ ಕೂತರೆ ಪಾಠ ಯಾವಾಗ ಮಾಡ್ತೀರಿ?

ನಾಲ್ಕನೇ ತರಗತಿಯ ಮಕ್ಕಳ ಕೈಯಲ್ಲಿ ಪುಟ್ಟ ಪುಟ್ಟ ಸಿನಿಮಾ ಮಾಡಿಸುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಪೋಷಕರು ಕೇಳುತ್ತಾರೆ, ಜೊತೆಯ ಶಿಕ್ಷಕರೂ ಕೇಳುತ್ತಾರೆ. ಕೆಲವರ ಧಾಟಿ ನೋಡಿದರೆ ಅದು ಪ್ರಶ್ನೆಯಲ್ಲ, ಬೈಗುಳ.

ಅದೇ ಪಾಠ ಅಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಒಂದು ಗುಂಪಿನ ಕತೆ ಹೇಳುತ್ತೇನೆ.

ಐದು ಮಕ್ಕಳು ಬೀಜ ಮೊಳೆಯುವುದನ್ನು ಕ್ಲೇಯಲ್ಲಿ ಮಾಡಲು ಹೊರಟರು. ಸ್ಟಾಪ್ ಮೋಷನ್. ಅಂದರೆ ಗೊಂಬೆಯನ್ನು ಚೂರು ಸರಿಸಿ ಒಂದು ಫೋಟೋ, ಮತ್ತೆ ಚೂರು ಸರಿಸಿ ಇನ್ನೊಂದು. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಇದಕ್ಕೆ 12 ಇದ್ದರೂ ನಡೆಯುತ್ತದೆ, ಒಂದೊಂದನ್ನೂ ಎರಡು ಸಲ ತೋರಿಸಿದರಾಯಿತು. ಹತ್ತು ಸೆಕೆಂಡಿಗೆ 120 ಫೋಟೋ. ಒಬ್ಬಳು ಬೆರಳು ಎಣಿಸುತ್ತಾ ಕೂತಿದ್ದವಳು, 'ಅರ್ಧ ನಿಮಿಷಕ್ಕೆ 360! ಬೇಡಪ್ಪಾ, ಕತೆ ಚಿಕ್ಕದು ಮಾಡೋಣ' ಅಂದಳು. ಮಗ್ಗಿ ಹೇಳು ಅಂತ ನಾನು ಕೇಳಿಯೇ ಇರಲಿಲ್ಲ.

ಮಜಾ ಇರೋದು ಮುಂದೆ. ಎರಡು ದಿನ ಕಷ್ಟಪಟ್ಟು ತೆಗೆದದ್ದನ್ನು ತರಗತಿಗೆ ತೋರಿಸಿದರು. ಬೀಜ ಬಿರಿಯಿತು, ಟಪ್ ಅಂತ ಎರಡು ಹಸಿರು ಎಲೆ ಬಂದವು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, 'ಬೇರು ಎಲ್ಲೋ?' ಐವರೂ ಮುಖ ಮುಖ ನೋಡಿಕೊಂಡರು. ಮೊದಲು ಹೊರಬರುವುದು ಬೇರು ಅಂತ ಅವರೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ನಾನೇ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದೆ! ಬರೆಯುವಾಗ ಸರಿ, ಕೈಯಿಂದ ಮಾಡುವಾಗ ತಪ್ಪು. ಒದ್ದೆ ಹತ್ತಿಯಲ್ಲಿ ಕಾಳು ಇಟ್ಟರು, ಮೊಳಕೆ ಬರುವವರೆಗೆ ದಿನಾ ಇಣುಕಿ ನೋಡಿದರು. ಆಮೇಲೆ ಇಡೀ ಸಿನಿಮಾ ಮತ್ತೆ ತೆಗೆದರು. ನಾನು ಹೇಳಿದ್ದರಿಂದ ಅಲ್ಲ, ಅವರಿಗೇ ನಾಚಿಕೆಯಾಗಿತ್ತು.

ಬರವಣಿಗೆಯಲ್ಲೂ ಹೀಗೇ. 'ಅವನು ಬೇಸರದಿಂದ ಮನೆಗೆ ಬಂದ' ಅಂತ ಒಂದು ಗುಂಪು ಬರೆದಿತ್ತು. ಬೇಸರದ ಫೋಟೋ ತೆಗೆಯೋದು ಹೇಗೆ? ಅತ್ತರೆ ನಾಟಕದ ಹಾಗೆ ಕಾಣುತ್ತದೆ ಅಂತ ಅವರಿಗೇ ಅನಿಸಿತು. ಕೊನೆಗೆ ಬರೆದದ್ದು: 'ಬ್ಯಾಗನ್ನು ಬಾಗಿಲಲ್ಲೇ ಬಿಟ್ಟ. ಶೂ ಬಿಚ್ಚದೆ ಕೂತ.' ಪ್ರಬಂಧ ಹೇಳಿಕೊಟ್ಟು ಇಂಥ ವಾಕ್ಯ ಬರೆಸಲು ನನಗಂತೂ ಆಗಿಲ್ಲ.

ಎಡಿಟಿಂಗಿಗೆ ಒಂದು ಹಳೇ ಆಟ ಆಡಿಸುತ್ತೇನೆ. ನೂರು ವರ್ಷಗಳ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ತೋರಿಸಿಕೊಟ್ಟದ್ದು. ಒಂದೇ ಮುಖದ ಪಕ್ಕ ಊಟ ತೋರಿಸಿದರೆ ಹಸಿವು ಕಾಣುತ್ತದೆ, ಶವಪೆಟ್ಟಿಗೆ ತೋರಿಸಿದರೆ ದುಃಖ. ನಮ್ಮ ಮಕ್ಕಳು ಮುರಿದ ಆಟಿಕೆ ಇಟ್ಟು ಮಾಡಿದರು. ಆಗ ಒಬ್ಬ, 'ಹಾಗಾದ್ರೆ ಜಾಹೀರಾತಿನವರೂ ನಮಗೆ ಹೀಗೇ ಮಾಡ್ತಾರಾ?' ಅಂದ. ಹೌದು ಮಾರಾಯ, ಹೀಗೇ.

ತೊಂದರೆ ಇಲ್ಲ ಅಂತಲ್ಲ. ಸಮಯ ಜಾಸ್ತಿ ಬೇಕು. ಗಟ್ಟಿ ದನಿಯವರೇ ಪ್ರತಿ ಸಲ ನಿರ್ದೇಶಕರಾಗಿಬಿಡುತ್ತಾರೆ, ಅದಕ್ಕೆ ಸರದಿ ಹಾಕಲೇಬೇಕು. ಗಾಳಿಯ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಮಕ್ಕಳ ಮುಖವಿರುವ ವಿಡಿಯೋವನ್ನು ಮನೆಯವರ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬಾರದು. ಎಲ್ಲಕ್ಕಿಂತ ದೊಡ್ಡ ತೊಂದರೆ ನಾವೇ. ಚೆನ್ನಾಗಿ ಬರಲಿ ಅಂತ ಮೌಸ್ ಕಿತ್ತುಕೊಳ್ಳುತ್ತೇವೆ. ಒಮ್ಮೆ ರಾತ್ರಿ ಕೂತು ನಾನೇ ಎಲ್ಲ ಎಡಿಟ್ ಮಾಡಿಟ್ಟಿದ್ದೆ. ಮರುದಿನ ಮಕ್ಕಳು ನೋಡಿ 'ಚೆನ್ನಾಗಿದೆ ಮಿಸ್' ಅಂದು ಸುಮ್ನೆ ಎದ್ದು ಹೋದರು.

ನೀವೂ ಶುರು ಮಾಡುವುದಾದರೆ ಹಳೇ ಫೋನ್ ಒಂದು ಸಾಕು. ಸಿನಿಮಾ ಆಗಷ್ಟೇ ಹುಟ್ಟಿದ್ದ ದಿನಗಳಲ್ಲಿ, 1895ರಲ್ಲಿ, ಫ್ರಾನ್ಸಿನ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಸುಮಾರು 50 ಸೆಕೆಂಡಿನವು. ಕ್ಯಾಮೆರಾ ಒಂದು ಕಡೆ ಇಟ್ಟು, ನಡುವೆ ಕತ್ತರಿಸದೆ ತೆಗೆದವು. ಮಕ್ಕಳಿಗೂ ಅಷ್ಟೇ ಕೊಡಿ. ಒಂದು ನಿಮಿಷ, ಒಂದೇ ಶಾಟ್, ಫೋನ್ ಅಲುಗಾಡಬಾರದು. ಫೋನ್ ಎಲ್ಲಿ ಇಡಬೇಕು ಅನ್ನೋದಕ್ಕೇ ಅರ್ಧ ಗಂಟೆ ಜಗಳ ಆಗುತ್ತದೆ. ಬಿಡಿಸಲು ಹೋಗಬೇಡಿ.